ಪೋಸ್ಟ್‌ಮ್ಯಾನ್ ಆಗಿದ್ದ ಪೊಲೀಸ್ ಚೀಫ್

ಲೈ ಡಿಟೆಕ್ಟರ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಿನಿಮಾ. ಆದರೆ ಇವತ್ತಿನ ಪಾಲಿಗ್ರಾಫ್‌ನ ಮೊದಲ ರೂಪವನ್ನ 1921ರಲ್ಲಿ ಕಟ್ಟಿದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಒಬ್ಬ ಪೊಲೀಸ್. ಹೆಸರು ಜಾನ್ ಲಾರ್ಸನ್, ಪಿಎಚ್‌ಡಿ ಮಾಡಿದವರು. ಪಿಎಚ್‌ಡಿ ಮಾಡಿದವರನ್ನ ಬೀಟ್ ಪೊಲೀಸ್ ಕೆಲಸಕ್ಕೆ ತಗೊಂಡ ಚೀಫ್ ಯಾರಪ್ಪಾ ಅಂತ ಹುಡುಕಿದಾಗ ನನಗೆ ಸಿಕ್ಕವರು ಆಗಸ್ಟ್ ವೋಲ್ಮರ್. ತಮಾಷೆ ಏನಂದ್ರೆ, ಅವರು ಹೈಸ್ಕೂಲೂ ಮುಗಿಸಿರಲಿಲ್ಲ.

1876ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ವೋಲ್ಮರ್, ಫಿಲಿಪೈನ್ಸ್‌ನಲ್ಲಿ ಸೈನಿಕರಾಗಿದ್ದು ಬಂದು ಬರ್ಕ್ಲಿಯಲ್ಲಿ ಪೋಸ್ಟ್‌ಮ್ಯಾನ್ ಆದರು. 1904ರಲ್ಲಿ ಒಂದು ಗೂಡ್ಸ್ ವ್ಯಾಗನ್ ಕಂಟ್ರೋಲ್ ತಪ್ಪಿ, ಜನ ತುಂಬಿದ್ದ ರೈಲಿನ ಕಡೆ ಉರುಳ್ತಾ ಇತ್ತು. ಇವರು ಓಡಿ ಹತ್ತಿ ಬ್ರೇಕ್ ಹಾಕಿದರು. ಊರೆಲ್ಲ ಹೆಸರಾಯ್ತು. ಮರುವರ್ಷ ಎಲೆಕ್ಷನ್‌ನಲ್ಲಿ ಗೆದ್ದು ಊರಿನ ಮಾರ್ಷಲ್ ಆದರು, 1909ರಲ್ಲಿ ಮೊದಲ ಪೊಲೀಸ್ ಚೀಫ್.

ಪೊಲೀಸರಿಗೆ ಸೈಕಲ್ ಕೊಟ್ಟರು. ರಸ್ತೆ ಕೂಡುವಲ್ಲಿ ಕೆಂಪು ದೀಪ ಹಾಕಿಸಿದರು. ಸ್ಟೇಷನ್‌ನಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತೆ, ಬೀಟ್‌ನಲ್ಲಿರೋರು ಅದನ್ನ ನೋಡಿ ಹತ್ತಿರದ ಫೋನ್‌ನಿಂದ ಸ್ಟೇಷನ್‌ಗೆ ಮಾತಾಡಬೇಕು. ವೈರ್‌ಲೆಸ್ ಇಲ್ಲದ ಕಾಲದ ಪೇಜರ್ ಅನ್ನಬಹುದು, ಇಸಿ ಬ್ರಾಂಚ್‌ನವರು ಖುಷಿಪಡಿ! 1908ರಲ್ಲೇ ಪೊಲೀಸರಿಗೆ ಕ್ಲಾಸ್ ಶುರು ಮಾಡಿದರು. ಯೂನಿವರ್ಸಿಟಿ ಹುಡುಗರನ್ನ ಕೆಲಸಕ್ಕೆ ಸೇರಿಸಿಕೊಂಡರು, ಬೇರೆ ಊರಿನ ಪೊಲೀಸರು ನಕ್ಕರೂ ಬಿಡಲಿಲ್ಲ.

ನನಗೆ ಇದೆಲ್ಲಕ್ಕಿಂತ ಇಷ್ಟ ಆಗಿದ್ದು ಅವರ ಶುಕ್ರವಾರದ ಮೀಟಿಂಗ್. ಅಲ್ಲಿ ಯಾರು ಯಾರ ಮೇಲೆ ಬೇಕಾದರೂ ದೂರು ಹೇಳಬಹುದಿತ್ತು, ಚೀಫ್ ಮೇಲೂ. ಅಲ್ಲಿ ಹೇಳಿದ್ದು ಅಲ್ಲಿಗೇ ಮುಗೀಬೇಕು. ನಮ್ಮ ಫೆಸ್ಟ್ ಕಮಿಟಿಯಲ್ಲಿ ಸೀನಿಯರ್ಸ್ ಎದುರು ಬಾಯಿ ಬಿಡೋಕೆ ನನಗೆ ಒಂದು ವರ್ಷ ಬೇಕಾಯ್ತು, ಇವರು ಬಂದೂಕು ಕಟ್ಟಿಕೊಂಡವರ ಇಲಾಖೆಯಲ್ಲಿ ಇದನ್ನ ನಡೆಸಿದರು. ಲಾಕಪ್‌ನಲ್ಲಿ ಹೊಡೆದು ಬಾಯಿ ಬಿಡಿಸೋದನ್ನೂ ತಮ್ಮ ಪೊಲೀಸರಿಗೆ ನಿಷೇಧಿಸಿದ್ದರು.

ಎಲ್ಲ ಕಡೆ ಗೆದ್ದರು ಅಂತಲ್ಲ. 1923ರಲ್ಲಿ ಲಾಸ್ ಏಂಜಲೀಸ್ ಪೊಲೀಸರನ್ನ ಸರಿಮಾಡೋಕೆ ಹೋದರು. ಅಲ್ಲಿನ ಭ್ರಷ್ಟಾಚಾರ, ರಾಜಕೀಯದ ಮುಂದೆ ಹೆಚ್ಚೇನೂ ನಡೀಲಿಲ್ಲ, ಒಂದೇ ವರ್ಷಕ್ಕೆ ವಾಪಸ್. ಫಿಲಿಪೈನ್ಸ್‌ನಲ್ಲಿ ಕಲಿತ ಮಿಲಿಟರಿ ರೀತಿಗಳನ್ನ ಊರಿನ ಪೊಲೀಸರೊಳಗೆ ತಂದರು ಅಂತ ಇವತ್ತಿನ ಸಂಶೋಧಕರು ಟೀಕಿಸೋದೂ ಉಂಟು. ಅದನ್ನ ತಳ್ಳಿಹಾಕೋಕಾಗಲ್ಲ.

1932ರಲ್ಲಿ ರಿಟೈರ್ ಆದ ಹೈಸ್ಕೂಲ್ ಮುಗಿಸದ ಮನುಷ್ಯ ಅದೇ ಊರಿನ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿ ಪಾಠ ಮಾಡಿದರು. ತೀರಿಕೊಂಡಿದ್ದು 1955ರಲ್ಲಿ.

ಪಾಲಿಗ್ರಾಫ್ ಕಥೆ ಮಾತ್ರ ನಮ್ಮ ರಾಜ್ಯದವರೆಗೂ ಬಂತು. 2010ರಲ್ಲಿ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ಕೇಸ್‌ನಲ್ಲಿ, ಒಪ್ಪಿಗೆ ಇಲ್ಲದೆ ಯಾರನ್ನೂ ಈ ಮೆಷಿನ್‌ಗೆ ಕೂರಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.