ಪರದೇಶಿಯು ಪ್ರಜೆಯಾದ ಬಗೆ

ನಮ್ಮ ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ಯದೇಶದವನೆಂಬುದು ನಿಘಂಟಿನ ಅರ್ಥ; ದಿಕ್ಕಿಲ್ಲದವನೆಂಬುದು ಬಳಕೆಯ ಅರ್ಥ. ಇವೆರಡೂ ಒಂದೇ ಮಾತಿನಲ್ಲಿ ಸೇರಿರುವುದು ಆಕಸ್ಮಿಕವೆಂದು ನಾವು ತಿಳಿಯೆವು. ಹುಟ್ಟಿದ ನೆಲವನ್ನು ಬಿಟ್ಟವನಿಗೆ ಬಂಧುಗಳಿಲ್ಲ, ಮಾತು ತಿಳಿಯದು, ಜಾಮೀನು ನಿಲ್ಲುವವರಿಲ್ಲ, ಹೊತ್ತಿಗೆ ಒಂದು ಸೇರು ಅಕ್ಕಿಯನ್ನು ಕಡ ಕೊಡುವವರಿಲ್ಲ ಎಂಬ ಹಿರಿಯರ ಅನುಭವವು ಅದರಲ್ಲಿ ಅಡಗಿರುವುದು. ಈ ಎರಡು ಅರ್ಥಗಳಲ್ಲಿಯೂ ಪರದೇಶಿಯಾಗಿ, ಹದಿನೇಳನೆಯ ವಯಸ್ಸಿನಲ್ಲಿ ಅಮೆರಿಕಾದ ತೀರವನ್ನು ಮುಟ್ಟಿದ ಹುಡುಗನೊಬ್ಬನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ. ಆತನು ಜೋಸೆಫ್ ಪುಲಿಟ್ಜರ್. ಆತನ ಹೆಸರಿನ ಬಹುಮಾನಗಳು ವರ್ಷವರ್ಷವೂ ಪ್ರಕಟವಾದಾಗ ಆ ಹೆಸರನ್ನು ಎಲ್ಲರೂ ಓದುವರು. ಪರನಾಡಿನಲ್ಲಿ ಬೇರೂರುವುದಕ್ಕೆ ಆ ಮನುಷ್ಯನು ಪಟ್ಟ ಪಾಡನ್ನು ಬಲ್ಲವರು ವಿರಳ.

ಪುಲಿಟ್ಜರನು 1847ನೆಯ ಇಸವಿ ಏಪ್ರಿಲ್ 10ರಂದು ಹಂಗೇರಿಯ ಮಾಕೋ ಎಂಬ ಊರಿನಲ್ಲಿ ಯೆಹೂದ್ಯ ಧಾನ್ಯವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಬಾಲ್ಯದಲ್ಲಿಯೇ ತಂದೆ ತೀರಿಹೋದನು, ಇದ್ದ ಸಂಪತ್ತು ಕರಗಿತು, ತಾಯಿ ಮರುಮದುವೆಯಾದಳು. ಹುಡುಗನಿಗೆ ಮನೆಯಲ್ಲಿ ಕಾಲು ನಿಲ್ಲದೆ, ಸಿಪಾಯಿಯಾಗಬೇಕೆಂದು ಯೂರೋಪಿನ ಒಂದೆರಡು ಸೈನ್ಯಗಳ ಬಾಗಿಲನ್ನು ತಟ್ಟಿದನು. ಮೈ ಸೊರಗಿದೆ, ಕಣ್ಣು ಮಂದವಾಗಿದೆ ಎಂದು ಎಲ್ಲೆಡೆಯಲ್ಲಿಯೂ ತಿರಸ್ಕಾರವಾಯಿತು. ಆಗ ಅಮೆರಿಕಾದಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಿತು. ಉತ್ತರದ ಸೈನ್ಯಕ್ಕೆ ಆಳುಗಳನ್ನು ಸೇರಿಸಲು ಹ್ಯಾಂಬರ್ಗಿಗೆ ಬಂದಿದ್ದ ದಳ್ಳಾಳಿಗಳು ಕಣ್ಣಿನ ದೃಷ್ಟಿಯನ್ನು ಅಷ್ಟಾಗಿ ವಿಚಾರಿಸುತ್ತಿರಲಿಲ್ಲ. ಹೀಗೆ 1864ರಲ್ಲಿ ಆತನು ಬಾಸ್ಟನ್ ಬಂದರನ್ನು ಸೇರಿದನು. ಸೈನ್ಯಕ್ಕೆ ಸೇರುವವನಿಗೆ ದೊರೆಯುವ ಇನಾಮು ದಳ್ಳಾಳಿಯ ಪಾಲಾಗಬಾರದೆಂದು ಹಡಗಿನಿಂದ ನೀರಿಗೆ ಧುಮುಕಿ ಈಜಿ ದಡ ಸೇರಿದನೆಂಬ ಕಥೆಯೂ ಪ್ರಚಾರದಲ್ಲಿದೆ.

ಆತನು ಸೇರಿದ ಕುದುರೆಯ ದಂಡಿನಲ್ಲಿ ಜರ್ಮನರು ತುಂಬಿದ್ದರು. ಪುಲಿಟ್ಜರನಿಗೆ ಜರ್ಮನ್ ಭಾಷೆ ಚೆನ್ನಾಗಿ ಬರುತ್ತಿದ್ದುದರಿಂದ ಇಂಗ್ಲಿಷಿನ ಅವಶ್ಯಕತೆಯೇ ಕಾಣಲಿಲ್ಲ. ಹೊಸ ದೇಶದಲ್ಲಿ ತನ್ನ ಮಾತನ್ನಾಡುವವರ ನಡುವೆ ಸೇರಿಕೊಳ್ಳುವುದು ದೊಡ್ಡ ಆಸರೆಯೆಂಬುದು ನಿಜ. ಆದರೆ ಆ ಆಸರೆಯೇ ಗೋಡೆಯಾಗುವ ಸಂಭವವೂ ಉಂಟು. 1865ರಲ್ಲಿ ಯುದ್ಧವು ಮುಗಿದು ದಂಡಿನಿಂದ ಬಿಡುಗಡೆ ಹೊಂದಿದಾಗ ಆ ಗೋಡೆಯ ಎತ್ತರವು ಆತನಿಗೆ ತಿಳಿಯಿತು. ಕೆಲಸವಿಲ್ಲದ ಸಿಪಾಯಿಗಳು ನ್ಯೂಯಾರ್ಕಿನ ಬೀದಿಗಳಲ್ಲಿ ತುಂಬಿದ್ದರು. ದೇಶಕ್ಕಾಗಿ ಖಡ್ಗ ಹಿಡಿದವನಿಗೆ ಆ ದೇಶದ ಭಾಷೆಯಲ್ಲಿ ಕೂಲಿ ಕೇಳುವಷ್ಟು ಮಾತೂ ಸರಿಯಾಗಿ ಬರುತ್ತಿರಲಿಲ್ಲ.

ಜರ್ಮನರು ಬಹುಸಂಖ್ಯೆಯಲ್ಲಿ ನೆಲಸಿದ್ದ ಸೇಂಟ್ ಲೂಯಿಸ್ ಪಟ್ಟಣಕ್ಕೆ ಆತನು ಹೊರಟನು. ಮಿಸಿಸಿಪಿ ನದಿಯ ಈಚೆಯ ದಡವನ್ನು ಮುಟ್ಟಿದಾಗ ಕೈಯಲ್ಲಿ ದಾಟುವ ಹಡಗಿನ ಕೇವಿಗೂ ಕಾಸಿರಲಿಲ್ಲ. ಹಡಗಿನ ಒಲೆಗೆ ಕಲ್ಲಿದ್ದಲು ತುಂಬಿ, ಆ ಕೂಲಿಯನ್ನೇ ಕೇವಾಗಿ ಸಲ್ಲಿಸಿ ನದಿಯನ್ನು ದಾಟಿದನು. ಅನಂತರ ಹೇಸರಗತ್ತೆಗಳ ಚಾಕರಿ, ಹೋಟೆಲಿನಲ್ಲಿ ಬಡಿಸುವ ಕೆಲಸ, ರೇವಿನಲ್ಲಿ ಮೂಟೆ ಹೊರುವ ಕೆಲಸ, ಹೀಗೆ ಒಂದಾದ ಮೇಲೊಂದನ್ನು ಹಿಡಿದನು, ಬಿಟ್ಟನು. 1866ರಲ್ಲಿ ಆ ಪಟ್ಟಣಕ್ಕೆ ಕಾಲರಾ ಬಂದಾಗ ಸತ್ತವರನ್ನು ಹೂಳುವ ಕೆಲಸದಲ್ಲಿಯೂ ಇದ್ದನೆಂದು ಚರಿತ್ರಕಾರರು ಹೇಳುವರು. ದಕ್ಷಿಣದ ಕಬ್ಬಿನ ತೋಟದಲ್ಲಿ ಒಳ್ಳೆಯ ಸಂಬಳವಿದೆಯೆಂದು ನಂಬಿಸಿ, ತಲೆಗೆ ಐದೈದು ಡಾಲರುಗಳನ್ನು ಕಿತ್ತುಕೊಂಡು, ಹಲವರು ಬಡವರನ್ನು ಹಡಗಿನಲ್ಲಿ ಕರೆದೊಯ್ದು ನಡುದಾರಿಯಲ್ಲಿಳಿಸಿ ಓಡಿಹೋದ ಮೋಸಗಾರನ ಕಥೆಯೂ ಉಂಟು. ಮೋಸಹೋದವರಲ್ಲಿ ಪುಲಿಟ್ಜರನೂ ಒಬ್ಬನು. ಅವರು ಕಾಲ್ನಡಿಗೆಯಿಂದ ಹಿಂದಿರುಗಿದರು. ಆ ವೃತ್ತಾಂತವನ್ನು ಆತನು ಜರ್ಮನ್ ಭಾಷೆಯಲ್ಲಿ ಬರೆಯಲು, ವೆಸ್ಟ್‌ಲಿಖೆ ಪೋಸ್ಟ್ ಎಂಬ ಸ್ಥಳೀಯ ಪತ್ರಿಕೆಯು ಅದನ್ನು ಅಚ್ಚುಹಾಕಿತು. ಆತನ ಮೊದಲನೆಯ ಲೇಖನವು ಇದೇ ಎನ್ನುವರು. ವಲಸೆಗಾರನು ಪತ್ರಿಕೆಯ ಬಾಗಿಲನ್ನು ಮೊದಲು ತಟ್ಟಿದ್ದು ತನಗಾದ ಅನ್ಯಾಯವನ್ನು ಹೇಳಿಕೊಳ್ಳುವುದಕ್ಕೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ದೇಶ ಸುತ್ತು, ಇಲ್ಲವೆ ಕೋಶ ಓದು ಎಂಬುದು ನಮ್ಮ ಗಾದೆ. ದೇಶವನ್ನು ಸುತ್ತಿದ್ದಾಗಿದ್ದಿತು, ಕೋಶವನ್ನು ಓದುವುದು ಉಳಿದಿದ್ದಿತು. ಆ ಊರಿನ ಮರ್ಕೆಂಟೈಲ್ ಲೈಬ್ರರಿಯಲ್ಲಿ, ದುಡಿಮೆಯಿಂದ ಉಳಿದ ಹೊತ್ತನ್ನೆಲ್ಲ ಇಂಗ್ಲಿಷ್ ಕಲಿಯುವುದಕ್ಕೂ ಕಾಯಿದೆಯ ಗ್ರಂಥಗಳನ್ನು ಓದುವುದಕ್ಕೂ ಆತನು ವಿನಿಯೋಗಿಸಿದನು. ಅಲ್ಲಿಯ ಚದುರಂಗದ ಮಣೆಯ ಬಳಿಯಲ್ಲಿಯೇ ವೆಸ್ಟ್‌ಲಿಖೆ ಪೋಸ್ಟಿನ ಯಜಮಾನರಾದ ಕಾರ್ಲ್ ಶುರ್ಜ್ ಮತ್ತು ಎಮಿಲ್ ಪ್ರಿಟೋರಿಯಸ್ ಎಂಬವರ ಪರಿಚಯವಾಯಿತು. ಅವರೂ ಜರ್ಮನಿಯಿಂದ ಬಂದು ನೆಲೆಗೊಂಡವರು. ಮೊದಲು ಬಂದವರು ಹಿಂದೆ ಬಂದವನಿಗೆ ಏಣಿಯಾದರು. 1867ರಲ್ಲಿ ಪುಲಿಟ್ಜರನು ಅಮೆರಿಕಾದ ಪ್ರಜೆಯಾದನು. 1868ರಲ್ಲಿ ವಕೀಲಿಗೆ ಸೇರಿದನು. ಆದರೆ ಆತನ ಉಚ್ಚಾರಣೆಯನ್ನು ಕೇಳಿ ಕಕ್ಷಿಗಾರರು ಹಿಂಜರಿದರು. ಅದೇ ವರ್ಷದ ಕೊನೆಯಲ್ಲಿ ಶುರ್ಜ್ ಮಹಾಶಯನ ಪತ್ರಿಕೆಯಲ್ಲಿ ಬಾತ್ಮೀದಾರನಾದನು.

ಉದ್ದನೆಯ ಮೂಗು, ತೆಳ್ಳನೆಯ ಮೈ, ಅಡ್ಡಾದಿಡ್ಡಿಯಾದ ಇಂಗ್ಲಿಷು ಇವುಗಳಿಗಾಗಿ ಇತರ ಬಾತ್ಮೀದಾರರು ಆತನನ್ನು ಗೇಲಿ ಮಾಡುತ್ತಿದ್ದರು. ಒಂದೇ ವರ್ಷದಲ್ಲಿ ಅವರ ನಗೆ ಅಡಗಿತು. 1869ರ ಕೊನೆಯಲ್ಲಿ, ಶಾಸನವು ವಿಧಿಸಿದ ವಯಸ್ಸು ಇನ್ನೂ ತುಂಬದಿದ್ದರೂ, ಮಿಸೌರಿ ಸಂಸ್ಥಾನದ ಶಾಸನಸಭೆಗೆ ಆತನು ಚುನಾಯಿತನಾದನು. ಆತನ ದೋಷಗಳನ್ನು ಮುಚ್ಚುವುದು ನಮ್ಮ ಉದ್ದೇಶವಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬರು. ಈತನಿಗಾದರೋ ಮಾತು ಬಂದರೂ ಕೋಪವು ಹೋಗಲಿಲ್ಲ. 1870ರಲ್ಲಿ, ತಾನು ಲಂಚಗುಳಿತನವನ್ನು ಆರೋಪಿಸಿದ್ದ ಕಂಟ್ರಾಕ್ಟುದಾರನೊಬ್ಬನೊಡನೆ ಜಗಳವಾಗಿ, ಪಿಸ್ತೂಲು ಹಾರಿಸಿ ಅವನನ್ನು ಗಾಯಪಡಿಸಿ ದಂಡ ತೆತ್ತನು.

1878ರಲ್ಲಿ ಎರಡು ಸಾವಿರದ ಐನೂರು ಡಾಲರುಗಳಿಗೆ ಹರಾಜಿನಲ್ಲಿ ಡಿಸ್ಪ್ಯಾಚ್ ಎಂಬ ದಿವಾಳಿ ಪತ್ರಿಕೆಯನ್ನು ಕೊಂಡು, ಪೋಸ್ಟ್ ಎಂಬ ಇನ್ನೊಂದರೊಡನೆ ಕೂಡಿಸಿದನು. ಅದು ಇಂಗ್ಲಿಷ್ ಪತ್ರಿಕೆ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಹದಿಮೂರು ವರ್ಷಗಳ ಹಿಂದೆ ಕಲ್ಲಿದ್ದಲು ತುಂಬಿ ಅದೇ ಪಟ್ಟಣಕ್ಕೆ ಬಂದವನು, ಅಲ್ಲಿಯ ಶ್ರೀಮಂತರು ಆಸ್ತಿಯನ್ನು ಮರೆಮಾಚಿ ತೆರಿಗೆಯನ್ನು ತಪ್ಪಿಸುವ ಬಗೆಯನ್ನು ಅವರ ಭಾಷೆಯಲ್ಲಿಯೇ ಪ್ರಕಟಿಸಿದನು. 1883ರಲ್ಲಿ ನಷ್ಟದಲ್ಲಿದ್ದ ನ್ಯೂಯಾರ್ಕಿನ ವರ್ಲ್ಡ್ ಪತ್ರಿಕೆಯನ್ನು ಕೊಂಡನು. ಅಂದಿನ ಸುಮಾರು ಹದಿನೈದು ಸಾವಿರದ ಪ್ರಸಾರವು ಎರಡು ವರ್ಷಗಳೊಳಗಾಗಿ ಲಕ್ಷವನ್ನು ಮೀರಿತು. ನ್ಯೂಯಾರ್ಕು ಆಗ ವಲಸೆಗಾರರಿಂದ ಕಿಕ್ಕಿರಿದ ಪಟ್ಟಣ. ಸಣ್ಣ ವಾಕ್ಯ, ಸರಳವಾದ ಶಬ್ದ, ದೊಡ್ಡ ತಲೆಬರಹ, ಚಿತ್ರ, ಇವು ಹೊಸದಾಗಿ ಇಂಗ್ಲಿಷನ್ನು ಕೂಡಿಸಿ ಓದುವವನಿಗೂ ಎಟಕುತ್ತಿದ್ದವು. ಭಾಷೆಯನ್ನು ಕಷ್ಟಪಟ್ಟು ಕಲಿತವನಿಗೆ, ಕಲಿಯುತ್ತಿರುವವನ ಕಷ್ಟವು ತಿಳಿದಿದ್ದಿತೆಂದು ನಾವು ಭಾವಿಸುತ್ತೇವೆ.

ಆತನ ಜೀವನದ ಅತ್ಯಂತ ಶ್ಲಾಘ್ಯವಾದ ಕಾರ್ಯವು 1885ರಲ್ಲಿ ನಡೆಯಿತು. ಫ್ರಾನ್ಸಿನ ಜನರು ಸ್ವಾತಂತ್ರ್ಯದೇವಿಯ ಮಹಾಪ್ರತಿಮೆಯನ್ನು ಅಮೆರಿಕಾಕ್ಕೆ ಕಾಣಿಕೆಯಾಗಿ ಸಿದ್ಧಪಡಿಸಿದ್ದರು. ಅದನ್ನು ನಿಲ್ಲಿಸುವ ಪೀಠಕ್ಕೆ ಅಮೆರಿಕಾದಲ್ಲಿ ಹಣವಿರಲಿಲ್ಲ. ಸರ್ಕಾರವು ಕೊಡಲಿಲ್ಲ, ಕೋಟ್ಯಧೀಶರು ಕಿಸೆಯನ್ನು ಬಿಗಿಹಿಡಿದರು. ಪುಲಿಟ್ಜರನು ತನ್ನ ಪತ್ರಿಕೆಯಲ್ಲಿ ಜನಸಾಮಾನ್ಯರಿಗೆ ಮೊರೆಯಿಟ್ಟನು. ಎಷ್ಟು ಅಲ್ಪವಾದ ಮೊತ್ತವನ್ನು ಕೊಟ್ಟವರ ಹೆಸರನ್ನೂ ಅಚ್ಚುಹಾಕುವೆನೆಂದು ಮಾತು ಕೊಟ್ಟು ಅದನ್ನು ನಡೆಸಿದನು. ಹನಿ ಹನಿ ಕೂಡಿ ಹಳ್ಳವಾಯಿತು. ಮಾರ್ಚಿ ತಿಂಗಳಿನಿಂದ ಆಗಸ್ಟಿನೊಳಗೆ ಒಂದು ಲಕ್ಷ ಡಾಲರುಗಳಿಗೂ ಮೇಲಾದ ಹಣವು ಸೇರಿತು. ಕೊಟ್ಟವರು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ. ಅವರಲ್ಲಿ ಬಹುಭಾಗವು ಒಂದು ಡಾಲರಿಗೂ ಕಡಮೆ ಕೊಟ್ಟವರು.

ಈ ಯಾದಿಯ ಬೆಲೆಯನ್ನು ಹಣದಿಂದ ಅಳೆಯಲಾಗದು. ನೆನ್ನೆ ಮೊನ್ನೆ ಹಡಗಿನಿಂದಿಳಿದ ಕೂಲಿಯವನ ಹೆಸರು ಆ ದೇಶದಲ್ಲಿ ಬೇರಾವ ಗೌರವದ ಪಟ್ಟಿಯಲ್ಲಿ ಇರುತ್ತಿದ್ದಿತು? ಸಾಲಗಾರನ ಲೆಕ್ಕದಲ್ಲಿ ಇದ್ದೀತು, ಠಾಣೆಯ ದಾಖಲೆಯಲ್ಲಿ ಇದ್ದೀತು. ಇಲ್ಲಿಯಾದರೋ, ದೇಶದ ಕೀರ್ತಿಸ್ತಂಭಕ್ಕೆ ಕಲ್ಲು ಕೊಟ್ಟವರ ಸಾಲಿನಲ್ಲಿ ಅಂಥವನ ಹೆಸರೂ ಇತ್ತು. ಬೇಡುವವನು ಅತಿಥಿ, ಕೊಡುವವನು ಮನೆಯವನು. ಪರದೇಶಿಯನ್ನು ಪ್ರಜೆಯನ್ನಾಗಿ ಮಾಡುವ ಉಪಾಯವನ್ನು ಪುಲಿಟ್ಜರನು ಯಾವ ಶಾಸನಸಭೆಗಿಂತಲೂ ಚೆನ್ನಾಗಿ ಕಂಡಿದ್ದನು.

ಇಷ್ಟಾದರೂ ಆತನ ಪರದೇಶಿತನವು ಪೂರ್ತಿಯಾಗಿ ಅಳಿಯಲಿಲ್ಲ. 1887ರಲ್ಲಿ, ಇಪ್ಪತ್ತು ವರ್ಷಗಳಿಂದ ಪ್ರಜೆಯಾಗಿದ್ದವನ ಯೆಹೂದ್ಯ ಕುಲವನ್ನು ಎತ್ತಿ ಎದುರಾಳಿಯಾದ ಸನ್ ಪತ್ರಿಕೆಯ ಸಂಪಾದಕ ಚಾರ್ಲ್ಸ್ ಡೇನನು ಹಳಿದನು. ಮಂದವಾಗಿದ್ದ ಕಣ್ಣುಗಳು ಕೆಡುತ್ತ ಬಂದು, 1890ರಲ್ಲಿ, ನಾಲ್ವತ್ತಮೂರನೆಯ ವಯಸ್ಸಿನಲ್ಲಿಯೇ, ಆತನು ಸಂಪಾದಕನ ಕುರ್ಚಿಯನ್ನು ಬಿಡಬೇಕಾಯಿತು. ಸಣ್ಣ ಸದ್ದನ್ನೂ ತಾಳಲಾರದ ನರವ್ಯಾಧಿಯು ಸೇರಿತು. ಅಂದಿನಿಂದ ಊರಿಂದೂರಿಗೆ, ಕಡಲಿಂದ ಕಡಲಿಗೆ ಅಲೆಯುತ್ತ, ದೂರದಿಂದಲೇ ಪತ್ರಿಕೆಯನ್ನು ನಡೆಸಿದನು. ನೆಲೆಯನ್ನು ಅರಸಿ ಬಂದವನಿಗೆ ಕೊನೆಗೆ ಹಡಗೇ ಮನೆಯಾಯಿತು.

ಈ ವರ್ಷಗಳಲ್ಲಿ ಆತನ ಪತ್ರಿಕೆಯು ಎಸಗಿದ ಅಪರಾಧಗಳನ್ನು, ಅದೇ ವೃತ್ತಿಯಲ್ಲಿರುವ ನಾವು ಮರೆಯಲಾಗದು. 1895ರಿಂದ ಹರ್ಸ್ಟನ ಪತ್ರಿಕೆಯೊಡನೆ ಪೈಪೋಟಿಗಿಳಿದು, ಉತ್ಪ್ರೇಕ್ಷೆಯನ್ನೂ ಉದ್ರೇಕವನ್ನೂ ಮಾರಿ, 1898ರ ಸ್ಪೇನಿನ ಯುದ್ಧಕ್ಕೆ ಜನರನ್ನು ಕೆರಳಿಸಿದವುಗಳಲ್ಲಿ ವರ್ಲ್ಡ್ ಒಂದು. ಯುದ್ಧಕಾಲದಲ್ಲಿ, ಬೀದಿಯಲ್ಲಿ ಪತ್ರಿಕೆ ಮಾರುವ ಹುಡುಗರಿಗೆ ನೂರು ಪ್ರತಿಗಳ ಬೆಲೆಯನ್ನು ಐವತ್ತು ಸೆಂಟಿನಿಂದ ಅರುವತ್ತಕ್ಕೆ ಏರಿಸಲಾಗಿದ್ದಿತು. ಯುದ್ಧವು ಮುಗಿದ ಮೇಲೂ ಈ ಇಬ್ಬರು ಧಣಿಗಳು ಇಳಿಸಲಿಲ್ಲ. 1899ರ ಜುಲೈಯಲ್ಲಿ ಆ ಹುಡುಗರು ಮುಷ್ಕರ ಹೂಡಿ, ಮಾರದೆ ಉಳಿದ ಪ್ರತಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಒಪ್ಪಿಸಿದರು. ಅವರಲ್ಲಿ ಅನೇಕರು ಬಡ ವಲಸೆಗಾರರ ಮಕ್ಕಳು. ನದಿಯನ್ನು ದಾಟಲು ಕಾಸಿಲ್ಲದೆ ನಿಂತಿದ್ದ ಹುಡುಗನನ್ನು ಧಣಿಯು ಮರೆತಿದ್ದನು. ತಾನು ಹತ್ತಿದ ಏಣಿಯ ಕೆಳಗಿನ ಮೆಟ್ಟಿಲನ್ನು ಮರೆಯುವುದು, ನೆಲೆ ಕಂಡ ಪರದೇಶಿಗೆ ಬರುವ ದೊಡ್ಡ ರೋಗ.

ಆದರೂ ಆತನ ಹಳೆಯ ಕೆಚ್ಚು ಸಾಯಲಿಲ್ಲ. ಪನಾಮಾ ಕಾಲುವೆಯ ಹಕ್ಕಿಗಾಗಿ ತೆತ್ತ ನಾಲ್ಕು ಕೋಟಿ ಡಾಲರುಗಳು ಯಾರ ಕೈ ಸೇರಿದುವೆಂದು ವರ್ಲ್ಡ್ 1908ರಲ್ಲಿ ಕೇಳಿತು. ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟನು ಕೆರಳಿ, ಸರ್ಕಾರದಿಂದಲೇ ಮಾನಹಾನಿಯ ಮೊಕದ್ದಮೆಯನ್ನು ಹೂಡಿಸಿದನು. ಕುರುಡನಾದ ವೃದ್ಧನು ಬಗ್ಗಲಿಲ್ಲ. 1911ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಸರ್ಕಾರಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಅಕ್ಟೋಬರ್ 29ರಂದು, ಚಾರ್ಲ್ಸ್‌ಟನ್ ಬಂದರಿನಲ್ಲಿ, ತನ್ನ ಸ್ವಂತ ಹಡಗಿನಲ್ಲಿಯೇ ಆತನು ಕಾಲವಾದನು. ಆ ಹಡಗಿನ ಹೆಸರು ಲಿಬರ್ಟಿ, ಎಂದರೆ ಸ್ವಾತಂತ್ರ್ಯ. ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಆತನು ಕೊಟ್ಟ ಇಪ್ಪತ್ತು ಲಕ್ಷ ಡಾಲರುಗಳಿಂದ 1912ರಲ್ಲಿ ಪತ್ರಿಕೋದ್ಯಮದ ಶಾಲೆಯೂ 1917ರಲ್ಲಿ ಬಹುಮಾನಗಳೂ ಆರಂಭವಾದುವು.

ಆ ಬಹುಮಾನದ ಚರಿತ್ರೆಯಲ್ಲಿ ಭಾರತೀಯರಾದ ನಾವು ನೆನೆಯಬೇಕಾದ ಒಂದು ಸಂಗತಿಯುಂಟು. 1937ರಲ್ಲಿ ವಿಜ್ಞಾನವಾರ್ತೆಗಳಿಗಾಗಿ ಬಹುಮಾನವನ್ನು ಹಂಚಿಕೊಂಡ ಐವರಲ್ಲಿ ಗೋವಿಂದ ಬಿಹಾರಿ ಲಾಲರು ಒಬ್ಬರು. ದೆಹಲಿಯಲ್ಲಿ ಹುಟ್ಟಿ, ಓದಲೆಂದು ಅಮೆರಿಕಾಕ್ಕೆ ಹೋಗಿ, ಗದರ್ ಚಳವಳಿಯಲ್ಲಿ ಬೆರೆತವರು. ಆದರೆ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿಯ ಸುಪ್ರೀಮ್ ಕೋರ್ಟು 1923ರಲ್ಲಿಯೇ ಹೇಳಿದ್ದಿತು. ಆ ಬಾಗಿಲು ತೆರೆದುದು 1946ರ ಶಾಸನದಿಂದ. ಪುಲಿಟ್ಜರನಿಗೆ ಮೂರು ವರ್ಷಗಳೊಳಗಾಗಿ ಕೈಗೆಟಕಿದ ಪೌರತ್ವವು, ಆತನ ಹೆಸರಿನ ಬಹುಮಾನವನ್ನು ಗೆದ್ದವರಿಗೆ ಗೆದ್ದ ದಿನವೂ ಮುಚ್ಚಿದ್ದಿತು. ಭಾಷೆ ಕಲಿತರು, ದುಡಿದರು, ಕೀರ್ತಿಯನ್ನು ಗಳಿಸಿದರು. ಬಾಗಿಲು ಮಾತ್ರ ಒಳಗಿನಿಂದ ಅಗುಳಿ ಹಾಕಿದ್ದಿತು.

ಆದುದರಿಂದ ಪುಲಿಟ್ಜರನ ಚರಿತ್ರೆಯನ್ನು ಪುರುಷಪ್ರಯತ್ನದ ಕಥೆಯೆಂದು ಮಾತ್ರ ಓದಿದರೆ ಅರ್ಧ ಓದಿದಂತಾಗುವುದು. ಬಂದವನು ನೆಲದ ಮಾತನ್ನು ಕಲಿಯಬೇಕು, ಅದರ ಕಾರ್ಯಕ್ಕೆ ತನ್ನ ಕಾಸನ್ನೂ ಬೆವರನ್ನೂ ಸೇರಿಸಬೇಕು, ತನ್ನ ಹಿಂದೆ ಬರುವವನಿಗೆ ಕೈ ಚಾಚಬೇಕು. ಇದ್ದವರು ಬಾಗಿಲನ್ನು ತೆರೆಯಬೇಕು, ಅವನ ಹೆಸರನ್ನು ತಮ್ಮ ಯಾದಿಯಲ್ಲಿ ಬರೆದುಕೊಳ್ಳಬೇಕು. ಇಂದು ಕನ್ನಡನಾಡಿನ ಮಕ್ಕಳು ದೂರದೇಶಗಳಿಗೆ ಹೋಗಿ ನೆಲಸುತ್ತಿರುವರು. ನಮ್ಮ ಪಟ್ಟಣಗಳಿಗೂ ದೂರದ ಸೀಮೆಗಳಿಂದ ಗಾರೆಯ ಕೆಲಸಕ್ಕೂ ಹೋಟೆಲಿನ ಚಾಕರಿಗೂ ಮಾತು ಬಾರದ ಹುಡುಗರು ಬರುತ್ತಿರುವರು. ಅಲ್ಲಿ ನಮ್ಮವರಿಗೆ ಏನು ದೊರೆಯಲೆಂದು ಹಾರೈಸುವೆವೋ ಅದನ್ನು ಇಲ್ಲಿ ಬಂದವರಿಗೆ ಕೊಡಲು ಸಿದ್ಧರಿರುವೆವೇ ಎಂಬುದನ್ನು ವಾಚಕರು ತಮ್ಮ ಮನಸ್ಸಾಕ್ಷಿಯನ್ನೇ ಕೇಳಿಕೊಳ್ಳಲಿ.