ಜೀವಕೋಶದ ‘ಶಕ್ತಿ’ ಕಂಡವರು ಯಾರು? ಹುಮನಾಬಾದ್‌ನ ಮನೆ ಬಾಗಿಲಿಗೂ ಬಂದ ಸುಬ್ಬರಾವ್ ಮಾತ್ರೆಯ ಕಥೆ

ಜೀವಕೋಶಗಳಿಗೆ ಶಕ್ತಿ ತುಂಬುವ ಪುಡಿ, ಹನಿ ಎಂಬ ಫಾರ್ವರ್ಡ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ನಿಲ್ಲುವುದೇ ಇಲ್ಲ. ಅದನ್ನು ನಂಬಿ ದುಡ್ಡು ಕೊಡುವ ನಾವೇ, ಆಶಾ ಕಾರ್ಯಕರ್ತೆ ಪುಕ್ಕಟೆ ಕೊಟ್ಟ ಆನೆಕಾಲು ರೋಗದ ಮಾತ್ರೆಯನ್ನು ಆಮೇಲೆ ನುಂಗೋಣ ಎಂದು ಕಿಟಕಿಯಲ್ಲಿಟ್ಟು ಮರೆಯುತ್ತೇವೆ. ತಮಾಷೆಯೆಂದರೆ, ಆ ‘ಶಕ್ತಿ’ಯ ವಿಜ್ಞಾನ ಮತ್ತು ಈ ಮಾತ್ರೆ ಎರಡರ ಹಿಂದೆಯೂ ಇರುವುದು ಒಂದೇ ಹೆಸರು: ಯಲ್ಲಾಪ್ರಗಡ ಸುಬ್ಬರಾವ್.

1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದರು. ಮನೆಯಲ್ಲಿ ಬಡತನ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಗಾಂಧೀಜಿ ಪ್ರಭಾವದಿಂದ ಖಾದಿ ತೊಟ್ಟು ಬ್ರಿಟಿಷ್ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ಎಂಬಿಬಿಎಸ್ ಬದಲು ಕೆಳದರ್ಜೆಯ ಪದವಿ ಕೈಗೆ ಬಂತು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅಣ್ಣತಮ್ಮಂದಿರನ್ನು ಕಿತ್ತುಕೊಂಡಿತ್ತು, ಅವರನ್ನೂ ಕಾಡಿತ್ತು. 1923ರಲ್ಲಿ ಹೆಂಡತಿಯನ್ನು ಊರಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್‌ಗೆ ಹೋದವರು ಮತ್ತೆ ಮರಳಲೇ ಇಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಸಹಾಯಕನ ಕೆಲಸವನ್ನೂ ಮಾಡಿದರು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿ ರಕ್ತ, ಮೂತ್ರದಲ್ಲಿರುವ ರಂಜಕ ಅಳೆಯುವ ವಿಧಾನ ರೂಪಿಸಿದರು. ಅದೇ ದಾರಿಯಲ್ಲಿ 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಸಿಕ್ಕಿತು. ಎಟಿಪಿಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಕಂಡುಹಿಡಿದಿದ್ದರು.

ಎಟಿಪಿ ಅಂದರೆ ಜೀವಕೋಶದ ಚಿಲ್ಲರೆ ಹಣ. ತಿಂದ ಜೋಳದ ರೊಟ್ಟಿ, ತೊಗರಿಬೇಳೆಯನ್ನು ಕೋಶಗಳು ಉಸಿರಿನ ಆಮ್ಲಜನಕದ ಜೊತೆ ಉರಿಸಿ ಈ ಚಿಲ್ಲರೆ ಮಾಡಿಕೊಳ್ಳುತ್ತವೆ. ಖರ್ಚಾದದ್ದನ್ನೇ ದಿನವಿಡೀ ಮತ್ತೆ ಮತ್ತೆ ತುಂಬಿಕೊಳ್ಳುತ್ತವೆ. ಹೊರಗಿನಿಂದ ಎಟಿಪಿ ನುಂಗಿದರೆ ಬಹುಪಾಲು ಕರುಳಲ್ಲೇ ಒಡೆದು ಹೋಗುತ್ತದೆ. ಹಾಗಾಗಿ ಡಬ್ಬಿಯಿಂದ ಕೋಶಕ್ಕೆ ನೇರವಾಗಿ ಶಕ್ತಿ ತುಂಬುತ್ತೇವೆ ಎಂಬ ಮಾತು ಸುಳ್ಳು. ಊಟ, ನಿದ್ದೆ, ನಡಿಗೆಯೇ ಅದರ ಆರೈಕೆ. ಇಷ್ಟು ಸಪ್ಪೆ ಸಲಹೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಗೊತ್ತು!

ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಹೊಸ ಜೀವಕೋಶ ಹುಟ್ಟಲು ಬೇಕಾದ ವಿಟಮಿನ್ ಇದು. ಅಣ್ಣತಮ್ಮಂದಿರನ್ನು ಕೊಂದ ಸ್ಪ್ರೂ ಕಾಯಿಲೆಗೂ ಇದೇ ಮದ್ದಾಯಿತು. ಇಂದು ಗರ್ಭಿಣಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯಲ್ಲಿ ಇದು ಇರುತ್ತದೆ. ಇದೇ ಆಮ್ಲಕ್ಕೆ ಅಡ್ಡಗಾಲು ಹಾಕುವ ಔಷಧಗಳು ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ ದಾರಿ ತೆರೆದವು.

1947ರಲ್ಲಿ ಬಂತು ಡಿಇಸಿ, ಆನೆಕಾಲು ರೋಗದ ಹುಳುಗಳ ಮೇಲಿನ ಔಷಧ. ಮರುವರ್ಷದ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೇ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಬಸವಕಲ್ಯಾಣ, ಹುಮನಾಬಾದ್ ಆಗಿನ್ನೂ ನಿಜಾಮರ ಆಳ್ವಿಕೆಯಲ್ಲಿದ್ದವು.

ಬೀದರ್ ಜಿಲ್ಲೆ ಆನೆಕಾಲು ರೋಗ ಕಾಡುವ ಜಿಲ್ಲೆಗಳ ಪಟ್ಟಿಯಲ್ಲಿತ್ತು. 2004ರಲ್ಲಿ ದೇಶದಲ್ಲಿ ಶುರುವಾದ ಸಾಮೂಹಿಕ ಔಷಧ ಸೇವನೆಯಲ್ಲಿ ಕೊಡುವ ಮುಖ್ಯ ಮಾತ್ರೆ ಇದೇ ಡಿಇಸಿ. ಹುಳು ದೇಹದಲ್ಲಿದ್ದರೂ ವರ್ಷಗಟ್ಟಲೆ ಕಾಲು ಬಾವು ಬರದೇ ಇರಬಹುದು, ಅದಕ್ಕೇ ಆರೋಗ್ಯವಾಗಿರುವವರಿಗೂ ಕೊಡುತ್ತಾರೆ. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದು ಒಳಗೆ ಹುಳು ಸಾಯುವುದರಿಂದ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹೆಚ್ಚಾದರೆ ಆಸ್ಪತ್ರೆಗೆ ಹೋಗಿ. ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಇದನ್ನು ಕೊಡುವುದಿಲ್ಲ. ಉಳಿದವರು ಕಾರ್ಯಕರ್ತೆಯ ಎದುರಲ್ಲೇ ನುಂಗಬೇಕು.