ಕವಯಿತ್ರಿ ಆನ್ ಬ್ರಾಡ್‌ಸ್ಟ್ರೀಟ್

ಆನ್ ಬ್ರಾಡ್‌ಸ್ಟ್ರೀಟಳು ಸುಮಾರು 1612ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದಳು. ತಂದೆಯಾದ ಥಾಮಸ್ ಡಡ್ಲಿಯು ಲಿಂಕನ್ ಪ್ರಭುವಿನ ಮನೆವಾರ್ತೆಯ ಅಧಿಕಾರಿ. ಆದುದರಿಂದ ಬಾಲಿಕೆಗೆ ಒಳ್ಳೆಯ ವಿದ್ಯೆ ದೊರಕಿತು. ಪ್ಯೂರಿಟನ್ ಪಂಥದವರಾದ ಇವರು, ತಮ್ಮ ಮನಸ್ಸಾಕ್ಷಿಗೆ ಒಪ್ಪುವಂತೆ ದೇವಾರಾಧನೆ ನಡಿಸಬೇಕೆಂದು 1630ರಲ್ಲಿ ಆರ್ಬೆಲ್ಲಾ ಎಂಬ ಹಡಗನ್ನೇರಿ ಅಮೇರಿಕಾ ಖಂಡದ ಮಸಾಚುಸೆಟ್ಸಿಗೆ ಹೋದರು. ಆಗ ಆನಳಿಗೆ ವಿವಾಹವಾಗಿ ಸುಮಾರು ಎರಡು ವರ್ಷ.

ಅಲ್ಲಿನ ಮೊದಲನೆಯ ಚಳಿಗಾಲವು ಬಹು ಕಠಿನವಾದದ್ದು. ಮೇಜಿಲ್ಲದೆ ತಂದೆಯು ಬೆಂಕಿಯ ಬಳಿ ಕುಳಿತು ಮೊಣಕಾಲಿನ ಮೇಲೆ ಕಾಗದವನ್ನಿಟ್ಟು ಪತ್ರ ಬರೆದನು. ಅಂಥ ಸೀಮೆಯಲ್ಲಿ ಆನಳ ಸಂಸಾರವು ಬೆಳೆಯಿತು. ಎಂಟು ಮಕ್ಕಳು, ಗಂಡನಾದ ಸೈಮನನು ವಸಾಹತಿನ ಕಾರ್ಯಗಳಿಗಾಗಿ ಪದೇ ಪದೇ ಪರಸ್ಥಳದಲ್ಲಿ, ಶನಿವಾರದ ಸೂರ್ಯಾಸ್ತಕ್ಕೆ ಕೆಲಸಗಳೆಲ್ಲ ನಿಂತು ಸಬ್ಬತ್ತು ಆರಂಭವಾಗುತ್ತಿತ್ತು. ನಿದ್ರೆಯಿಂದ ಉಳಿಸಿಕೊಂಡ ಗಳಿಗೆಗಳಲ್ಲಿ ಆಕೆಯು ಪದ್ಯ ಬರೆದಳು. ಹೆಂಗಸಿನ ಕೈಗೆ ಲೇಖನಿಗಿಂತ ಸೂಜಿಯೇ ಒಪ್ಪುವುದೆಂದು ಆಡಿಕೊಳ್ಳುವವರಿಗೆ ಆ ಕಾಲದಲ್ಲಿಯೂ ಕೊರತೆಯಿರಲಿಲ್ಲ.

1650ರಲ್ಲಿ ತಂಗಿಯ ಗಂಡನು ಆಕೆಗೆ ತಿಳಿಸದೆಯೇ ಆ ಪದ್ಯಗಳನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿದನು. ತಪ್ಪುಗಳನ್ನು ಕಂಡು ನಾಚಿದ ಆನಳು, ತಾಯಿಯು ಕೊಳೆಯಾದ ಮಗುವಿನ ಮುಖವನ್ನು ತೊಳೆಯುವಂತೆ ಅವುಗಳನ್ನು ತಿದ್ದತೊಡಗಿದಳು.

1666ರ ಜುಲೈ 10ರ ರಾತ್ರಿ ಆಂಡೋವರಿನ ಮನೆಯು, ಗ್ರಂಥಗಳೊಡನೆ, ಸುಟ್ಟು ಬೂದಿಯಾಯಿತು. ಆಕೆಯು ಯೋಬನಂತೆ ದೇವರನ್ನು ಸ್ತುತಿಸಿದಳು. ಆದರೂ ಆ ಬೂದಿಯ ಬಳಿ ಹಾದುಹೋಗುವಾಗ ಪೆಟ್ಟಿಗೆಯಿದ್ದ ಎಡೆಯನ್ನೂ ಅತಿಥಿಗಳು ಉಣ್ಣುತ್ತಿದ್ದ ಮೇಜನ್ನೂ ನೆನೆದು ದುಃಖಪಟ್ಟಳು. ಆ ದುಃಖವನ್ನು ಮರೆಮಾಡದೆ ಪದ್ಯದಲ್ಲಿ ಬರೆದಿಟ್ಟುದರಿಂದಲೇ ಈಕೆಯು ನನಗೆ ಹೆಚ್ಚು ಪ್ರಿಯಳು.

1672ರ ಸೆಪ್ಟೆಂಬರ್ 16ರಂದು ಆಕೆಯು ತೀರಿಕೊಂಡಳು. ಆಕೆಯು ತಿದ್ದಿದ ಪುಸ್ತಕವು 1678ರಲ್ಲಿ ಬಾಸ್ಟನಿನಲ್ಲಿ ಅಚ್ಚಾಯಿತು.